ನೆರೆ ಇಳಿದ ಮೇಲೆ ಉಲ್ಲನ್ ತೊಳೆದದ್ದು

ನನಗೆ ಉಲ್ಲನ್ ಹೆಣೆಯುವ ಹವ್ಯಾಸ. ಮಾರಾಟಕ್ಕಲ್ಲ. ಮನೆಯವರಿಗೆ ಸ್ವೆಟರ್, ನೆಂಟರ ಮನೆಯ ಕೂಸುಗಳಿಗೆ ಟೋಪಿ, ಕಾಲುಚೀಲ, ಇಷ್ಟೇ. ಕೊಡಗಿನ ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆ ಕೆಲಸ ಇನ್ನೊಂದಿಲ್ಲ ಅಂತ ನಾನು ಇವತ್ತಿಗೂ ನಂಬುತ್ತೇನೆ. ಜೂನ್‌ನಲ್ಲಿ ಮಳೆ ಹಿಡಿದರೆ ಸಂಜೆ ಹೊರಗೆ ಕಾಲಿಡುವ ಹಾಗಿಲ್ಲ, ಕರೆಂಟ್ ನಂಬುವ ಹಾಗಿಲ್ಲ. ಕೈಯಲ್ಲಿ ಎರಡು ಕಡ್ಡಿ ಇದ್ದರೆ ಹೊತ್ತು ಹೋಗುತ್ತದೆ, ಮಡಿಲೂ ಬೆಚ್ಚಗಿರುತ್ತದೆ.

2018ರ ಆಗಸ್ಟ್‌ನಲ್ಲಿ ನಮ್ಮ ಮನೆಗೆ ಕಾವೇರಿ ನುಗ್ಗಿತು. ನೆರೆ ಬಂದರೆ ಏನು ಮಾಡಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮೇನ್ ಸ್ವಿಚ್ ತೆಗೆಯಿರಿ, ಆಧಾರ್, ಪಾಸ್‌ಬುಕ್, ಮನೆ ಪತ್ರ ಮೇಲಿಡಿ, ನೀರು ಕುದಿಸಿ ಕುಡಿಯಿರಿ. ಎಲ್ಲಾ ಸರಿ. ಆದರೆ ಕೆಸರು ನೀರಲ್ಲಿ ನೆಂದು ಕೂತ ಉಲ್ಲನ್ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ನನ್ನ ಹಾಗೆ ವರ್ಷಗಟ್ಟಲೆ ಒಂದೊಂದೇ ಉಂಡೆ ಕೂಡಿಟ್ಟವರಿಗೆ ಅದು ಸಣ್ಣ ನಷ್ಟವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಜಾಗ ಹೇಳಿಬಿಡುತ್ತೇನೆ. ನಾವಿರುವುದು ಕುಶಾಲನಗರದಲ್ಲಿ, ನದಿ ಕಡೆಯ ತಗ್ಗಿನಲ್ಲಿ. ಕುವೆಂಪು ಬಡಾವಣೆ, ಸಾಯಿ ಬಡಾವಣೆ ಅಂತೆಲ್ಲ ಆ ವರ್ಷ ಪೇಪರಿನಲ್ಲಿ ಬಂತಲ್ಲ, ಆ ಸಾಲಿನ ಮನೆಗಳು. ಕಾವೇರಿ ನಮ್ಮೂರು ದಾಟಿ ಕೂಡಿಗೆಗೆ ಹೋಗುತ್ತಾಳೆ, ಅಲ್ಲಿ ಹಾರಂಗಿ ಬಂದು ಸೇರುತ್ತದೆ. ಎರಡೂ ಒಟ್ಟಿಗೆ ತುಂಬಿ ಬಂದರೆ ಮುಂದೆ ಹೋಗಲು ಜಾಗ ಸಾಲದೆ ನೀರು ಹಿಂದಕ್ಕೆ ನಿಲ್ಲುತ್ತದೆ ಅಂತ ಇಲ್ಲಿನ ಹಿರಿಯರು ಹೇಳುತ್ತಾರೆ. ಆ ವರ್ಷ ಜುಲೈನಲ್ಲೇ ಕೆಆರ್‌ಎಸ್ ತುಂಬಿ ಬಾಗಿನ ಬಿಟ್ಟಾಗಿತ್ತು. ಬೆಟ್ಟಗಳು ನೀರು ಕುಡಿದು ಕುಡಿದು ತುಂಬಿಹೋಗಿದ್ದವು. ಅದರ ಮೇಲೆ ಆಗಸ್ಟ್ ಮಧ್ಯದಲ್ಲಿ ಬಿದ್ದ ಮಳೆ ಎಲ್ಲವನ್ನೂ ಕಿತ್ತುಕೊಂಡು ಹೋಯಿತು.

ನೀರು ರಸ್ತೆಯಿಂದ ಬರುತ್ತದೆ ಅಂತ ಬಾಗಿಲು ನೋಡುತ್ತಾ ಕೂತಿದ್ದೆವು. ಅದು ಬಂದದ್ದು ಬಚ್ಚಲ ತೂಬಿನಿಂದ. ಮೊದಲು ಗುಳುಗುಳು ಸದ್ದು, ಆಮೇಲೆ ಕಂದು ಬಣ್ಣದ ನೀರು ಉಕ್ಕಿ ಅಡುಗೆಮನೆಗೆ ಹರಿಯಿತು. ಅತ್ತೆ ದೇವರ ಫೋಟೋ ಎತ್ತಿದರು, ಮನೆಯವರು ಸಿಲಿಂಡರ್ ಎತ್ತಿ ಕಲ್ಲುಕಟ್ಟೆ ಮೇಲಿಟ್ಟರು, ನಾನು ಮಗಳ ಪುಸ್ತಕ, ಅಕ್ಕಿ ಡಬ್ಬ, ಬೀರುವಿನ ಕಾಗದಪತ್ರ ಎಲ್ಲ ಸಜ್ಜಾ ಮೇಲೆ ಹತ್ತಿಸಿದೆ. ಮಂಚದ ಕೆಳಗಿದ್ದ ಉಲ್ಲನ್ ಸೂಟ್‌ಕೇಸ್‌ಗೆ ಸಜ್ಜಾದಲ್ಲಿ ಜಾಗ ಉಳಿದಿರಲಿಲ್ಲ. ಮಂಚದ ಮೇಲಿಟ್ಟು ಹೊರಟೆವು. ಬೆಳಗಿನ ಜಾವ ರ‍್ಯಾಫ್ಟಿಂಗ್ ದೋಣಿ ತಂದು ಹುಡುಗರು ನಮ್ಮನ್ನು ಕರೆದುಕೊಂಡು ಹೋದರು. ಪ್ರವಾಸಿಗರನ್ನು ಕೂರಿಸಿಕೊಂಡು ಹೊಳೆಯಲ್ಲಿ ಹೋಗುವ ದೋಣಿ ನಮ್ಮ ಓಣಿಯಲ್ಲಿ, ಗೇಟುಗಳ ಮೇಲಿಂದ ಹೋಯಿತು. ಅತ್ತೆ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ನನ್ನ ಹೆಗಲಲ್ಲಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಬಟ್ಟೆ ಚೀಲ ಇತ್ತು. ಅದರಲ್ಲಿ ಅರ್ಧ ಆಗಿದ್ದ ಮಗಳ ಸ್ವೆಟರ್, 8 ನಂಬರ್ (ಮಧ್ಯಮ ದಪ್ಪದ) ಕಡ್ಡಿ ಒಂದು ಜೊತೆ, ಬೂದು ಬಣ್ಣದ ಉಂಡೆಗಳು.

ಹೆದ್ದಾರಿಯ ಮೇಲ್ಭಾಗದಲ್ಲಿ ನಾದಿನಿ ಮನೆ. ಅಲ್ಲಿ ನೀರಿನ ಭಯ ಇಲ್ಲ. ಆದರೆ ಅಲ್ಲಿಗೆ ಹೋದ ಮೇಲೆಯೇ ಮಡಿಕೇರಿ ಕಡೆಯ ಸುದ್ದಿ ಬರತೊಡಗಿದ್ದು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ, ಮೊಣ್ಣಂಗೇರಿ, ಒಂದರ ಹಿಂದೆ ಒಂದು ಹೆಸರು. ಗುಡ್ಡವೇ ಜಾರಿ ಮನೆ, ತೋಟ, ಗದ್ದೆ ಎಲ್ಲ ಹೊಳೆ ಪಾಲಾದ ಊರುಗಳು. ಸಂಪಾಜೆ ರಸ್ತೆ ಕುಸಿದು ಮಂಗಳೂರು ಕಡೆ ಸಂಪರ್ಕ ಕಡಿದುಹೋಯಿತು. ಮಡಿಕೇರಿ ಪೇಟೆಯೊಳಗೂ ಖಾಸಗಿ ಬಸ್ ನಿಲ್ದಾಣದ ಹಿಂದಿನ ಗುಡ್ಡ ಜರಿಯಿತು. ನಮ್ಮದು ನೀರು, ಇಳಿದರೆ ಮನೆ ಸಿಗುತ್ತದೆ. ಅವರಿಗೆ ಮನೆ ಇದ್ದ ಜಾಗವೇ ಇಲ್ಲ. ಅದು ಗೊತ್ತಾದ ಮೇಲೆ ಸೂಟ್‌ಕೇಸಿನ ಚಿಂತೆ ನನ್ನ ತಲೆಯಿಂದ ಬಿಟ್ಟುಹೋಯಿತು.

ಕರೆಂಟ್ ಇಲ್ಲ, ಫೋನಿನ ಚಾರ್ಜ್ ಉಳಿಸಬೇಕು, ಮೇಣದ ಬತ್ತಿ ಅಡುಗೆಮನೆಗೆ ಬೇಕು. ಕತ್ತಲಲ್ಲಿ ಕೂತು ಹೆಣೆದೆ. ವಿನ್ಯಾಸ ಇರುವುದನ್ನೆಲ್ಲ ಕತ್ತಲಲ್ಲಿ ಮಾಡಲಾಗುವುದಿಲ್ಲ, ಮಗಳ ಸ್ವೆಟರ್ ಬದಿಗಿಟ್ಟೆ. ಎರಡೂ ಕಡೆ ಸೀದಾ, ಅಂದರೆ ಮೊದಲು ಕಲಿಯುವ ಸಾದಾ ಕುಣಿಕೆಯನ್ನೇ ಹೆಣೆದರೆ ಕಣ್ಣು ಬೇಡ, ಬೆರಳಿಗೇ ತಿಳಿಯುತ್ತದೆ. ಎಡಗೈ ಹೆಬ್ಬೆರಳಿನಿಂದ ಕುಣಿಕೆ ಒಂದೊಂದೇ ಮುಂದೆ ತಳ್ಳುವುದು, ಬಲಗೈ ಕಡ್ಡಿ ಒಳಗೆ ಹೋಗುವುದು, ದಾರ ಸುತ್ತುವುದು, ಎಳೆಯುವುದು. ಹೊರಗೆ ಮಳೆ ತಗಡಿನ ಮೇಲೆ ಒಂದೇ ಸಮ ಬಡಿಯುತ್ತಿತ್ತು. ಮಗಳು ನನ್ನ ತೊಡೆ ಮೇಲೆ ತಲೆಯಿಟ್ಟು ಕಡ್ಡಿ ಸದ್ದು ಕೇಳುತ್ತಾ ಮಲಗುತ್ತಿದ್ದಳು. ನಿಲ್ಲಿಸಿದರೆ ಎಚ್ಚರ ಆಗುತ್ತಿದ್ದಳು.

ಆಮೇಲೆ ಊರಿನಲ್ಲಿ ಪರಿಹಾರ ಕೇಂದ್ರಗಳು ತೆರೆದವು. ಬೆಟ್ಟದ ಊರುಗಳಿಂದ ಬಂದವರು ಕಲ್ಯಾಣ ಮಂಟಪ, ಶಾಲೆ, ಸಮುದಾಯ ಭವನಗಳಲ್ಲಿ ತುಂಬಿಹೋದರು. ಹೊರಗಿನಿಂದ ಲಾರಿಗಟ್ಟಲೆ ಸಾಮಾನು ಬಂತು. ಜನ ಅಷ್ಟು ಪ್ರೀತಿಯಿಂದ ಕಳಿಸಿದ್ದರು, ಅದನ್ನು ಮರೆಯಲಾಗುವುದಿಲ್ಲ. ಆದರೆ ಬಟ್ಟೆ ವಿಂಗಡಿಸಲು ಕೂತ ನಮಗೆ ಗೊತ್ತಾದದ್ದು ಬೇರೆ. ರೇಷ್ಮೆ ಬ್ಲೌಸ್, ಜರಿ ಸೀರೆ, ತೆಳ್ಳನೆಯ ಶರ್ಟು, ಇವೇ ಜಾಸ್ತಿ. ಜನಕ್ಕೆ ಬೇಕಾಗಿದ್ದದ್ದು ತಲೆಗೆ, ಕಾಲಿಗೆ ಬೆಚ್ಚಗಿನದು. ಟೈಲ್ಸ್ ನೆಲದ ಮೇಲೆ ಮಲಗುವವರು, ಹೊರಗೆ ಬಿಡದ ಮಳೆ, ಒಗೆದದ್ದು ಒಣಗುವುದಿಲ್ಲ. ಅಜ್ಜಂದಿರು ಟವೆಲ್ ಸುತ್ತಿಕೊಂಡು ಕೂತಿದ್ದರು.

ನಾನು ಟೋಪಿ ಶುರು ಮಾಡಿದೆ. ಟೋಪಿಯೇ ಯಾಕೆ ಅಂದರೆ, 50 ಗ್ರಾಂ ಉಂಡೆಯಲ್ಲಿ ಹೆಚ್ಚುಕಡಿಮೆ ಒಂದು ಆಗುತ್ತದೆ, ಅಳತೆ ತಪ್ಪಿದರೂ ಯಾರಿಗಾದರೂ ಆಗುತ್ತದೆ. ದೊಡ್ಡವರಿಗೆ 8 ನಂಬರ್ ಕಡ್ಡಿಯಲ್ಲಿ 96 ಕುಣಿಕೆ, ಎರಡು ಸೀದಾ ಎರಡು ಉಲ್ಟಾ (ಸೀದಾದ ಹಿಮ್ಮುಖ ಕುಣಿಕೆ), ಕಿವಿ ಮುಚ್ಚುವಷ್ಟು ಉದ್ದ ಮಾಡಿ ಮೇಲೆ ಕುಣಿಕೆ ಕಡಿಮೆ ಮಾಡುತ್ತಾ ಬಂದು ಕೊನೆಗೆ ದಾರ ಪೋಣಿಸಿ ಬಿಗಿಯುವುದು, ಟೋಪಿಯ ಹಿಂಭಾಗದಲ್ಲಿ ಹೊಲಿಗೆ ಹಾಕುವುದು. ಎರಡು ಸೀದಾ ಎರಡು ಉಲ್ಟಾ ಹಾಕಿದರೆ ಅದು ಎಳೆದಷ್ಟು ಹಿಗ್ಗುತ್ತದೆ, ಹಾಗಾಗಿ ಸಣ್ಣ ತಲೆಗೂ ದೊಡ್ಡ ತಲೆಗೂ ಒಂದೇ ಸಾಕು.

ಒಂದು ಮಧ್ಯಾಹ್ನ ಗೋಡೆಗೆ ಒರಗಿ ಹೆಣೆಯುತ್ತಿದ್ದೆ. ಪಕ್ಕದ ಚಾಪೆಯಲ್ಲಿ ಮಕ್ಕಂದೂರು ಕಡೆಯ ಒಬ್ಬ ಅಜ್ಜಿ. ಬಂದಾಗಿನಿಂದ ಯಾರ ಹತ್ತಿರವೂ ಮಾತಾಡಿರಲಿಲ್ಲ, ಊಟಕ್ಕೂ ಎಬ್ಬಿಸಬೇಕು. ಸುಮ್ನೆ ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿ, "ಕೊಡು ಮಗ, ನೋಡುವ" ಅಂದರು.

"ನಿಮಗೆ ಬರುತ್ತಾ ಅಜ್ಜಿ?" ಅಂತ ಕೇಳಿದೆ.

"ಬರದೆ ಏನು. ನನ್ನ ಮೈದುನ ಪಟ್ಟಾಳದಲ್ಲಿದ್ದದ್ದು. ಅವನಿಗೆ ಎಷ್ಟು ಹಾಕಿ ಕಳಿಸಿಲ್ಲ ನಾನು."

ಕಡ್ಡಿ ಹಿಡಿದ ಕ್ಷಣಕ್ಕೆ ಬೆರಳು ಓಡತೊಡಗಿತು. ನನಗಿಂತ ಬಿಗಿ, ನನಗಿಂತ ಸಮ. ನಾನು ದಾರವನ್ನು ಬಲಗೈ ತೋರುಬೆರಳಿಗೆ ಸುತ್ತುತ್ತೇನೆ, ಅವರು ಕತ್ತಿನ ಹಿಂದಿನಿಂದ ದಾರ ತಂದು ಹೆಬ್ಬೆರಳಿನಲ್ಲಿ ಒಗೆಯುತ್ತಿದ್ದರು. ಆ ಥರ ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಸಂಜೆ ಹೊತ್ತಿಗೆ ಟೋಪಿ ಮುಗಿಸಿ, ಎದುರಿಗೆ ಕೂತಿದ್ದ ಅಜ್ಜನಿಗೆ ಕೊಟ್ಟು, "ಇನ್ನೊಂದು ಉಂಡೆ ಉಂಟಾ?" ಅಂತ ಕೇಳಿದರು. ಆ ರಾತ್ರಿ ತಮ್ಮ ಮನೆ ಬಗ್ಗೆ ಮೊದಲ ಸಲ ಹೇಳಿದರು. ಹಟ್ಟಿ, ದನ, ಕಿತ್ತಳೆ ಗಿಡ, ಒಲೆ ಮೇಲಿನ ಅಟ್ಟ. ಹೇಳುತ್ತಾ ಹೇಳುತ್ತಾ ಕೈ ನಿಲ್ಲಲಿಲ್ಲ.

ಮಾರನೆಯ ದಿನ ಪೇಟೆ ಅಂಗಡಿ ಅರ್ಧ ಬಾಗಿಲು ತೆಗೆದಿತ್ತು. ಇದ್ದ ಬದ್ದ ಉಲ್ಲನ್, ಕಡ್ಡಿ ಎಲ್ಲ ತಂದೆ. ಅಂಗಡಿಯವರು ಅರ್ಧ ದುಡ್ಡು ತೆಗೆದುಕೊಳ್ಳಲಿಲ್ಲ. ಕಡ್ಡಿ ಸಾಲದ್ದಕ್ಕೆ ಒಬ್ಬ ಹುಡುಗ ಬಿದಿರು ಸೀಳಿ, ಗಾಜಿನ ಚೂರಿನಿಂದ ಕೆರೆದು, ಮರಳು ಕಾಗದದಲ್ಲಿ ಉಜ್ಜಿ ಮಾಡಿಕೊಟ್ಟ. ಹೆಂಗಸರು ಒಬ್ಬೊಬ್ಬರೇ ಬಂದು ಕೂತರು. ಕೆಲವರಿಗೆ ಶಾಲೆಯಲ್ಲಿ ಕಲಿತ ನೆನಪು, ಕೆಲವರಿಗೆ ಏನೂ ಗೊತ್ತಿಲ್ಲ. ಅಜ್ಜಿಯೇ ಕಲಿಸಿದರು. ಯಾರ ಮುಖದಲ್ಲೂ ದುಃಖ ಕಡಿಮೆ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಕೇಂದ್ರದಲ್ಲಿ ಅತಿ ಕಷ್ಟದ ಹೊತ್ತು ಅಂದರೆ ಊಟ ಆದ ಮೇಲಿನ ಮಧ್ಯಾಹ್ನ, ಮಾಡಲು ಏನೂ ಇಲ್ಲದ ಹೊತ್ತು. ಗದ್ದೆ, ದನ, ಅಡುಗೆ ಅಂತ ಬೆಳಗಿನಿಂದ ರಾತ್ರಿವರೆಗೆ ದುಡಿದ ಕೈಗಳು ಸುಮ್ಮನೆ ಮಡಿಲಲ್ಲಿ ಬಿದ್ದಿರುತ್ತವೆ. ಅನ್ನ, ಬಟ್ಟೆ, ಔಷಧ ಎಲ್ಲರೂ ಕೊಟ್ಟರು, ಕೈಗೆ ಕೆಲಸ ಕೊಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಇನ್ನು ನಮ್ಮ ಮನೆ ವಿಷಯ. ನೀರು ಇಳಿದ ಮೇಲೆ ಹೋದರೆ ಕಿಟಕಿ ಮಟ್ಟಕ್ಕೆ ಗೋಡೆ ಮೇಲೆ ಗೆರೆ, ನೆಲದ ಮೇಲೆ ಪಾದ ಮುಳುಗುವಷ್ಟು ಜಿಡ್ಡು ಕೆಸರು. ಹಾಸಿಗೆ ಹೋಯಿತು, ಫ್ರಿಡ್ಜ್ ಹೋಯಿತು, ಪ್ಲೈವುಡ್ ಕಪಾಟು ಉಬ್ಬಿ ಬಿಚ್ಚಿಕೊಂಡಿತ್ತು. ಸೂಟ್‌ಕೇಸ್ ಮಂಚದ ಮೇಲೇ ಇತ್ತು, ಒಳಗೆ ನೀರು ತುಂಬಿ. ತೆಗೆದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಶೌಚದ ಗುಂಡಿಗಳೆಲ್ಲ ಉಕ್ಕಿದ್ದ ನೀರು ಅದು. ಉಂಡೆಗಳು ರಾಗಿ ಮುದ್ದೆಯ ಹಾಗೆ ಭಾರವಾಗಿ, ಬಣ್ಣ ಗೊತ್ತಾಗದೆ ಒಂದಕ್ಕೊಂದು ಅಂಟಿಕೊಂಡಿದ್ದವು.

ಮನೆಯವರು ಬಿಸಾಡೋಣ ಅಂದರು. ನಾನು ಒಪ್ಪಲಿಲ್ಲ.

ಮನೆ ಮನೆಗೆ ಬ್ಲೀಚಿಂಗ್ ಪೌಡರ್ ಕೊಟ್ಟಿದ್ದರು. ನೆಲಕ್ಕೆ, ಗೋಡೆಗೆ, ಬಾವಿಗೆ ಅದು ಬೇಕೇ ಬೇಕು. ಆದರೆ ಕುರಿ ಉಣ್ಣೆಗೆ ಅದನ್ನು ಮುಟ್ಟಿಸಲೇಬಾರದು. ನಮ್ಮ ಕೂದಲಿನ ಥರದ್ದೇ ಪದಾರ್ಥ ಅದು, ಬ್ಲೀಚ್‌ನಲ್ಲಿ ಹಳದಿಯಾಗಿ, ಪುಡಿಯಾಗಿ, ಗಟ್ಟಿ ದ್ರಾವಣ ಆದರೆ ಕರಗಿಯೇ ಹೋಗುತ್ತದೆ. ಅದಕ್ಕೆ ಮೊದಲ ಕೆಲಸ ವಿಂಗಡಣೆ. ಪೇಟೆಯಲ್ಲಿ ಉಲ್ಲನ್ ಅಂತ ನಾವು ಕೊಳ್ಳುವುದರಲ್ಲಿ ಬಹುಪಾಲು ಲೂಧಿಯಾನ ಕಡೆಯಿಂದ ಬರುವ ಅಕ್ರಿಲಿಕ್. ನಿಜವಾದ ಉಣ್ಣೆ ನನ್ನ ಹತ್ತಿರ ಕಡಿಮೆಯೇ ಇತ್ತು. ಗೊತ್ತಾಗದಿದ್ದರೆ ಒಂದು ತುಂಡು ದಾರ ಒಣಗಿಸಿ, ಇಕ್ಕುಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಎರಡನೆಯದು, ಉಂಡೆಯನ್ನು ಉಂಡೆಯಾಗಿಯೇ ತೊಳೆಯಬಾರದು. ಮೇಲೆ ಎಷ್ಟು ತೊಳೆದರೂ ಒಳಗಿನ ಕೆಸರು ಹೋಗುವುದಿಲ್ಲ, ಒಳಗೆ ಒಣಗುವುದೂ ಇಲ್ಲ. ಬಿಚ್ಚಲೇಬೇಕು. ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಸುತ್ತುತ್ತಾ ಲಡಿ ಮಾಡಿದೆವು. ಒದ್ದೆ ದಾರ ಎಳೆಯುವಾಗ ಮರಳಿನ ಕಣ ಬೆರಳ ಸಂದಿಯಲ್ಲಿ ಕೊರೆಯುತ್ತದೆ, ಹಾಗಾಗಿ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಗಾಯ ಇದ್ದರಂತೂ ಮುಟ್ಟಲೇಬೇಡಿ. ಇಲಿಜ್ವರದ ಭಯ ಆಗ ಎಲ್ಲೆಡೆ ಇತ್ತು. ಲಡಿಯನ್ನು ನಾಲ್ಕು ಕಡೆ ಬೇರೆ ದಾರದಿಂದ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಆ ಜಾಗದಲ್ಲಿ ಕೆಸರಿನ ಕಲೆ ಉಳಿಯುತ್ತದೆ. ಕಟ್ಟದೆ ಬಿಟ್ಟರೆ ತೊಳೆಯುವಾಗ ಸಿಕ್ಕಾಗಿ ಕತ್ತರಿ ಹಾಕಬೇಕಾಗುತ್ತದೆ.

ತೊಳೆಯುವುದನ್ನು ನನಗೆ ಸರಿಯಾಗಿ ತೋರಿಸಿದವರು ಹೊಳೆಯಾಚೆ ಬೈಲಕುಪ್ಪೆಯ ಒಬ್ಬ ಟಿಬೆಟನ್ ಅಮಾಲಾ. ವಯಸ್ಸಾದ ಹೆಂಗಸರನ್ನು ಅಲ್ಲಿ ಹಾಗೇ ಕರೆಯುವುದು. 1961ರಿಂದ ಅವರ ಜನ ಅಲ್ಲಿದ್ದಾರೆ, ಚಳಿಗಾಲದಲ್ಲಿ ಎಷ್ಟೋ ಮನೆಯವರು ಊರೂರಿಗೆ ಹೋಗಿ ಸ್ವೆಟರ್ ಮಾರುತ್ತಾರೆ. ಈ ಅಮಾಲಾ ಹತ್ತಿರ ನಾನು ಮೊದಲಿಂದ ಉಣ್ಣೆ ಕೊಳ್ಳುತ್ತಿದ್ದೆ. ಸುದ್ದಿ ಕೇಳಿ ತಾವೇ ಬಂದರು. ನಾನು ಬಕೆಟ್‌ಗೆ ನಲ್ಲಿ ಬಿಟ್ಟು ಲಡಿಯನ್ನು ಅದ್ದಿ ಹಿಂಡಲು ಹೋದರೆ ಕೈ ಹಿಡಿದರು. "ಹಿಂಡಬೇಡ, ಉಜ್ಜಬೇಡ, ಬಿಸಿ ನೀರು ಬೇಡ" ಅಂದರು. ತಣ್ಣೀರಿನ ಬಕೆಟ್‌ನಲ್ಲಿ ಲಡಿ ಬಿಟ್ಟು ಅಲುಗಾಡಿಸದೆ ಕಾಯುವುದು. ಮಣ್ಣು ತಾನೇ ತಳಕ್ಕೆ ಇಳಿಯುತ್ತದೆ. ಆಮೇಲೆ ಲಡಿಯನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಇನ್ನೊಂದು ಬಕೆಟ್‌ಗೆ ಹಾಕುವುದು. ನೀರನ್ನು ಚೆಲ್ಲಲು ಬಕೆಟ್ ಬಗ್ಗಿಸಿದರೆ ತಳದ ಮಣ್ಣು ಎದ್ದು ಮತ್ತೆ ದಾರಕ್ಕೆ ಹತ್ತುತ್ತದೆ. ನೀರು ತಿಳಿಯಾಗುವವರೆಗೆ ಹೀಗೇ. ಕೊನೆಗೆ ಅಂಟುವಾಳ ನೆನೆಸಿ ಕಿವುಚಿದ ನೀರು, ಅದಾದ ಮೇಲೆ ಒಂದು ಚಮಚ ವಿನಿಗರ್ ಹಾಕಿದ ನೀರು. ಉಣ್ಣೆಗೆ ಬಿಸಿ ಮತ್ತು ಉಜ್ಜಾಟ ಎರಡೂ ಸೇರಿದರೆ ಎಳೆಗಳು ಒಂದಕ್ಕೊಂದು ಹಿಡಿದು ಕಂಬಳಿಯಂತೆ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ.

ಅಕ್ರಿಲಿಕ್‌ಗೆ ಇಷ್ಟು ನಾಜೂಕು ಬೇಡ. ಸೋಪಿನ ಪುಡಿ ಹಾಕಿ ಧಾರಾಳವಾಗಿ ತೊಳೆದು, ತೆಳುವಾದ ಬ್ಲೀಚ್ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಚೆನ್ನಾಗಿ ಜಾಲಿಸಿದೆ. ಹತ್ತಿ ನೂಲು ಮಾತ್ರ ಉಳಿಯಲಿಲ್ಲ, ಕಪ್ಪು ಬೂಷ್ಟು ಹಿಡಿದು ಎಳೆದರೆ ಕಡಿಯುತ್ತಿತ್ತು. ಕೆಂಪು ದಾರ ಬಣ್ಣ ಬಿಟ್ಟು ಪಕ್ಕದ ಬಿಳಿಯದೆಲ್ಲ ಗುಲಾಬಿ ಆಗಿತ್ತು. ಬಿದಿರು ಕಡ್ಡಿಗಳು ಬಿಲ್ಲಿನಂತೆ ಬಾಗಿದ್ದವು, ಅಲ್ಯೂಮಿನಿಯಂದು ಮಾತ್ರ ತೊಳೆದರೆ ಹೊಸದರ ಥರ.

ಒಣಗಿಸುವುದೇ ದೊಡ್ಡ ಪಾಡು. ಬಿಸಿಲಿಲ್ಲ. ನಾದಿನಿ ಮನೆಯಲ್ಲಿ ಅಗ್ಗಿಷ್ಟಿಕೆ ಇತ್ತು, ಅದರ ಮೇಲೆ ಎತ್ತರದಲ್ಲಿ ಬಿದಿರು ಕಟ್ಟಿ ಲಡಿಗಳನ್ನು ಸಾಲಾಗಿ ನೇತುಹಾಕಿದೆವು. ಬೆಂಕಿ ಹತ್ತಿರ ಆಗಬಾರದು, ಬರೀ ಬೆಚ್ಚನೆ ಗಾಳಿ ಸಾಕು. ಅದಕ್ಕೂ ಮೊದಲು ಹಳೆ ಟವೆಲ್‌ನಲ್ಲಿ ಸುತ್ತಿ ಮೇಲೆ ನಿಂತು ತುಳಿದರೆ ಅರ್ಧ ನೀರು ಹೋಗುತ್ತದೆ, ಮಗಳಿಗೆ ಆ ಕೆಲಸ ಬಹಳ ಇಷ್ಟವಾಯಿತು. ಒಂದು ಎಚ್ಚರಿಕೆ: ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಕೊಂಡಿದ್ದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಒಣಗಿದೆ ಅಂದುಕೊಂಡು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಒಳಗೆ ಮುಗ್ಗಲು. ಕೈಗೆ ಒಣಗಿದ ಮೇಲೂ ಹಲವು ದಿನ ನೇತಾಡಲಿ. ಹಾಗೆ ಮಾಡಿದ್ದಕ್ಕೇ ನನ್ನದು ಉಳಿಯಿತು. ಹೊಗೆ ವಾಸನೆ ಮಾತ್ರ ಬಹಳ ಕಾಲ ಇತ್ತು, ನನಗೇನೂ ಬೇಸರ ಇಲ್ಲ, ಕೊಡಗಿನ ಮಳೆಗಾಲದ ಬಟ್ಟೆಗೆಲ್ಲ ಅದೇ ವಾಸನೆ.

ಉಳಿದದ್ದರಲ್ಲಿ ಅಕ್ರಿಲಿಕ್ ಎಲ್ಲ ದೊಡ್ಡವರ ಟೋಪಿಗೆ, ಕಾಲುಚೀಲಕ್ಕೆ ಹೋಯಿತು. ಕೂಸುಗಳಿಗೆ ನೆರೆ ನೀರು ಕುಡಿದ ದಾರ ಬೇಡ ಅಂತ ಹೊಸದನ್ನೇ ಬಳಸಿದೆವು, ಅದರಲ್ಲಿ ರಾಜಿ ಮಾಡಿಕೊಳ್ಳಬಾರದು.

2019ರ ಆಗಸ್ಟ್‌ನಲ್ಲಿ ಮತ್ತೆ ನೀರು ಬಂತು. ಆ ಸಲ ನೆಲ್ಯಹುದಿಕೇರಿ, ಕರಡಿಗೋಡು ಕಡೆಯ ಹೊಳೆ ಬದಿಯ ಜನಕ್ಕೆ ಭಾರೀ ಪೆಟ್ಟು. ನಮ್ಮ ಮನೆಗೂ ನುಗ್ಗಿತು. ಆದರೆ ಆ ಹೊತ್ತಿಗೆ ಉಲ್ಲನ್ ಎಲ್ಲ ಸಜ್ಜಾ ಮೇಲೆ, ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ, ಜಿಪ್ ಚೀಲಗಳೊಳಗೆ ಇತ್ತು, ಜೊತೆಗೆ ಬೇವಿನ ಎಲೆ. ಕೆಳಗೆ ಒಂದೇ ಒಂದು ಚೀಲ, ಬಾಗಿಲ ಹಿಂದೆ: ಎರಡು ಜೊತೆ 8 ನಂಬರ್ ಕಡ್ಡಿ, ದಪ್ಪ ಸೂಜಿ, ಕತ್ತರಿ, ಆರು ಉಂಡೆ. ಹೊರಡುವಾಗ ಅದನ್ನೇ ಎತ್ತಿಕೊಂಡು ಹೋಗಿ ಕೇಂದ್ರದಲ್ಲಿ ಕೂತೆ. ಮೊದಲ ದಿನವೇ ಪಕ್ಕಕ್ಕೆ ನಾಲ್ಕು ಜನ ಬಂದು ಕೂತರು.

ಅಜ್ಜಿಯ ಮನೆಯವರಿಗೆ ಆಮೇಲೆ ಜಂಬೂರಿನಲ್ಲಿ ಸರ್ಕಾರದ ಮನೆ ಸಿಕ್ಕಿತು. ನಾನು ಹೋಗಿ ಬರುತ್ತಿರುತ್ತೇನೆ. ಕತ್ತಿನ ಹಿಂದಿನಿಂದ ದಾರ ತರುವುದನ್ನು ಅವರಿಂದ ಕಲಿತೆ, ಹಾಗೆ ಮಾಡಿದರೆ ಉಲ್ಟಾ ಸಾಲು ನಿಜಕ್ಕೂ ಬೇಗ ಸಾಗುತ್ತದೆ. ಈಗ ಯಾರಾದರೂ ನೆರೆ ಪರಿಹಾರಕ್ಕೆ ಏನು ಕಳಿಸಲಿ ಅಂತ ಕೇಳಿದರೆ ನನ್ನ ಪಟ್ಟಿ ತಯಾರಿರುತ್ತದೆ. ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಕಂಬಳಿ, ಕಾಲುಚೀಲ, ಟಾರ್ಪಾಲ್. ಹತ್ತು ಜೊತೆ ಕಡ್ಡಿ, ಒಂದೆರಡು ಕೆಜಿ ಅಕ್ರಿಲಿಕ್ ಉಲ್ಲನ್ ಕೂಡ ಹಾಕಿ, ಗಾಢ ಬಣ್ಣದ್ದು, ಕೆಸರು ಕಾಣದ ಹಾಗೆ. ಕಡ್ಡಿ 8 ನಂಬರಿನದ್ದೇ ಇರಲಿ.